ಎಂಜಿನ್‌ಗೆ ಫೈಲ್ ಹಾಕಿಸಿದ್ರಿ, ಬ್ರೇಕ್‌ಗೆ ಏನ್ ಹಾಕಿಸ್ತೀರಿ?

ರೀಲ್ಸ್ ನೋಡುವವರಿಗೆಲ್ಲ ಗೊತ್ತಿರುವ ದೃಶ್ಯ ಇದು. ಪಿಕಪ್ ಗಾಡಿಯ ಸ್ಟೇರಿಂಗ್ ಕೆಳಗೆ ಒಂದು ವೈರ್ ಚುಚ್ಚಿರುತ್ತಾರೆ, ಇನ್ನೊಂದು ತುದಿಗೆ ಲ್ಯಾಪ್‌ಟಾಪ್. ಪರದೆ ಮೇಲೆ ಹಸಿರು ಪಟ್ಟಿ ನಿಧಾನಕ್ಕೆ ತುಂಬುತ್ತದೆ. ಆಮೇಲೆ ಗಾಡಿ ಕಪ್ಪು ಹೊಗೆ ಉಗುಳಿ ಮುಂದಕ್ಕೆ ನೆಗೆಯುತ್ತದೆ, ಹಿಂದೆ ಸಿನಿಮಾ ಹಾಡು. ಪಿಕಪ್ ಜಾಸ್ತಿ, ಮೈಲೇಜ್ ಜಾಸ್ತಿ, 80ರ ಲಾಕ್ ಓಪನ್ ಅಂತ ಬರಹ. ಕೆಳಗೊಂದು ಫೋನ್ ನಂಬರ್.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಸಾಲ ಮಾಡಿ ಪಿಕಪ್ ತಂದು, ಅದರಲ್ಲೇ ಮನೆ ನಡೆಸುವ ಹುಡುಗರಿಗಾಗಿ ಈ ಬರಹ. ಶೋಕಿಗೆ ಕಾರ್ ಟ್ಯೂನ್ ಮಾಡಿಸುವವರ ಸುದ್ದಿ ನನಗೆ ಬೇಡ, ಅವರ ದುಡ್ಡು ಅವರ ಇಷ್ಟ. ದುಡಿಯುವ ಗಾಡಿಯ ವಿಷಯದಲ್ಲಿ ಮಾತ್ರ ನೇರವಾಗಿ ಹೇಳುತ್ತೇನೆ: ಮಾಡಿಸಬೇಡಿ. ಟ್ಯೂನಿಂಗ್‌ನ ಲಾಭ ಗಾಡಿ ಮಾಲೀಕನಿಗೆ ಸಿಗುವುದಿಲ್ಲ, ಲೋಡ್‌ನ ಮಾಲೀಕನಿಗೆ ಸಿಗುತ್ತದೆ. ನಷ್ಟ ಮಾತ್ರ ಪೂರ್ತಿ ಗಾಡಿಯವನದು.

ಮೊದಲು ಆ ಲ್ಯಾಪ್‌ಟಾಪ್ ಏನು ಮಾಡುತ್ತದೆ ಅಂತ ನೋಡೋಣ. ಹಳೇ ಗಾಡಿಗಳಲ್ಲಿ ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಡುತ್ತಿದ್ದರು. ಮೇಸ್ತ್ರಿ ಕೈಗೆ ಮಸಿ, ಗಾಡಿ ಹಿಂದೆ ಕಪ್ಪು ಹೊಗೆ. ಈಗ ಆ ಸ್ಕ್ರೂ ಕೆಲಸವನ್ನು ಇಸಿಯು ಎಂಬ ಸಣ್ಣ ಕಂಪ್ಯೂಟರ್ ಮಾಡುತ್ತದೆ. ಎಷ್ಟು ಆರ್‌ಪಿಎಂ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಗಾಳಿ ಎಷ್ಟು ಬಿಸಿ, ಟರ್ಬೊ ಎಷ್ಟು ಒತ್ತಡ ಕೊಡುತ್ತಿದೆ ಎಂಬುದನ್ನೆಲ್ಲ ನೋಡಿಕೊಂಡು, ಎಷ್ಟು ಡೀಸೆಲ್ ಚಿಮ್ಮಿಸಬೇಕು ಅಂತ ಅದು ತೀರ್ಮಾನ ಮಾಡುತ್ತದೆ. ಆ ಲೆಕ್ಕದ ಕೋಷ್ಟಕಗಳೇ ಮ್ಯಾಪ್. ಕಂಪನಿಯ ಮ್ಯಾಪ್ ಅಳಿಸಿ ಬೇರೆ ಮ್ಯಾಪ್ ಹಾಕುವುದೇ ರೀಮ್ಯಾಪ್. ಹೆಸರು ಹೊಸದು. ತಿರುಗಿಸುವುದು ಅದೇ ಹಳೇ ಸ್ಕ್ರೂ.

ಈ ಧಂದೆಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಒಳಗುಟ್ಟಿದೆ. ನಿಮ್ಮ ಗಾಡಿಗೆ ವೈರ್ ಚುಚ್ಚುವ ಹುಡುಗನಿಗೆ ಮ್ಯಾಪ್ ಬರೆಯಲು ಬರಬೇಕು ಅಂತಿಲ್ಲ. ಅವನು ನಿಮ್ಮ ಇಸಿಯುವಿನ ಫೈಲ್ ಓದಿ, ಇಂಟರ್‌ನೆಟ್‌ನಲ್ಲಿ ಫೈಲ್ ಮಾರುವವರಿಗೆ ಕಳಿಸುತ್ತಾನೆ. ಅವರು ಬೇರೆ ರಾಜ್ಯದಲ್ಲಿರಬಹುದು, ಬೇರೆ ದೇಶದಲ್ಲೂ ಇರಬಹುದು. ಸ್ವಲ್ಪ ಹೊತ್ತಿಗೆ ತಿದ್ದಿದ ಫೈಲ್ ವಾಪಸ್ ಬರುತ್ತದೆ, ಇವನು ಅದನ್ನು ತುಂಬುತ್ತಾನೆ. 'ನಿಮ್ಮ ಗಾಡಿಗೇ ಅಂತ ಮಾಡಿದ ಕಸ್ಟಮ್ ಟ್ಯೂನ್' ಎಂದು ಮಾರುವ ಎಷ್ಟೋ ಫೈಲ್‌ಗಳ ಹಣೆಬರಹ ಇದೇ. ಬರೆದವನು ನಿಮ್ಮ ಗಾಡಿ ನೋಡಿಲ್ಲ. ನೀವು ಮೆಣಸಿನಕಾಯಿ ಹೇರುತ್ತೀರೋ ಭತ್ತ ಹೇರುತ್ತೀರೋ ಅವನಿಗೆ ಗೊತ್ತಿಲ್ಲ. ನಿಮ್ಮ ಏರ್ ಫಿಲ್ಟರ್‌ನಲ್ಲಿ ಎಷ್ಟು ಕೆಂಪು ಧೂಳಿದೆ, ಇಂಜೆಕ್ಟರ್ ಎಷ್ಟು ಸವೆದಿದೆ ಅನ್ನುವುದು ಅವನ ಪರದೆಗೆ ಕಾಣುವುದಿಲ್ಲ.

ಮುಖ್ಯವಾಗಿ ಅವನಿಗೆ ನಮ್ಮ ಬಿಸಿಲು ಗೊತ್ತಿಲ್ಲ. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವೇ ನಗಾಡುತ್ತೇವೆ. ಎಂಜಿನ್‌ಗೆ ಅದು ನಗೆಯ ವಿಷಯವಲ್ಲ. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಕಡಿಮೆ ಗಾಳಿಗೆ ಜಾಸ್ತಿ ಡೀಸೆಲ್ ಹಾಕಿದರೆ ಅದು ಪೂರ್ತಿ ಉರಿಯುವುದಿಲ್ಲ. ಹೊಗೆಯಾಗುತ್ತದೆ, ಸೈಲೆನ್ಸರ್ ಕಡೆ ಹೋಗುವ ಗಾಳಿಯ ಬಿಸಿ ಏರುತ್ತದೆ. ಆ ಬಿಸಿಯಲ್ಲೇ ಟರ್ಬೊ ತಿರುಗಬೇಕು, ಪಿಸ್ಟನ್ ಬಡಿಯಬೇಕು, ಹೆಡ್ ಗ್ಯಾಸ್ಕೆಟ್ ತಡೆದುಕೊಳ್ಳಬೇಕು. ಸಾಮಾನ್ಯವಾಗಿ ಮೊದಲು ಶರಣಾಗುವುದು ಕ್ಲಚ್. ಅದು ಕಂಪನಿ ಲೆಕ್ಕ ಹಾಕಿದ ಟಾರ್ಕ್‌ಗೆ ಮಾಡಿದ್ದು. ಕ್ಲಚ್ ಬದಲಾಯಿಸುವಾಗ 'ಪೀಸೇ ಸರಿ ಇರಲಿಲ್ಲ' ಅಂತ ಗೊಣಗುತ್ತೀರಿ. ಪೀಸ್ ಸರಿಯೇ ಇತ್ತು.

ಇಲ್ಲಿ ಟ್ಯೂನಿಂಗ್‌ನವರು ಒಂದು ಗಟ್ಟಿ ಪ್ರಶ್ನೆ ಎತ್ತುತ್ತಾರೆ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋದರೆ ನ್ಯಾಯವಲ್ಲ. ಬೊಲೆರೊ ಪಿಕಪ್‌ನಂಥ ಗಾಡಿಯ 2.5 ಲೀಟರ್ ಎಂಜಿನ್‌ನಿಂದ ಕಂಪನಿ ತೆಗೆಯುವುದು ಸುಮಾರು 75 ಅಶ್ವಶಕ್ತಿ. ಇನ್ನೋವಾ ಕ್ರಿಸ್ಟಾದ 2.4 ಲೀಟರ್ ಎಂಜಿನ್ ಹೆಚ್ಚೂಕಡಿಮೆ ಅದರ ಎರಡು ಪಟ್ಟು ಕೊಡುತ್ತದೆ. ಹಾಗಾದರೆ ಪಿಕಪ್ ಎಂಜಿನ್‌ನ ಶಕ್ತಿಯನ್ನು ಕಂಪನಿಯೇ ಕಟ್ಟಿ ಹಾಕಿದೆ, ನಾವು ಬಿಚ್ಚಿದರೆ ಏನು ತಪ್ಪು ಅನ್ನುತ್ತಾರೆ. ಕಟ್ಟಿ ಹಾಕಿದೆ, ನಿಜ. ಯಾಕೆ ಅಂತಲೂ ಕೇಳಬೇಕಲ್ಲ. ಇನ್ನೋವಾದ ಪಿಸ್ಟನ್, ಟರ್ಬೊ, ಕೂಲಿಂಗ್, ಬ್ರೇಕ್ ಎಲ್ಲವೂ ಆ ಶಕ್ತಿಗೆ ಅಂತಲೇ ಮಾಡಿದ್ದು, ಬೆಲೆಯೂ ಹಾಗೇ ಇದೆ. ಪಿಕಪ್ ಎಂಜಿನ್ನು ಕಡಿಮೆ ಶಕ್ತಿಯಲ್ಲಿ, ಪೂರ್ತಿ ಲೋಡ್‌ನಲ್ಲಿ, ದಿನಾ ಬೆಳಿಗ್ಗೆಯಿಂದ ರಾತ್ರಿವರೆಗೆ ಲಕ್ಷಗಟ್ಟಲೆ ಕಿಲೋಮೀಟರ್ ದುಡಿಯಲಿ ಅಂತ ಮಾಡಿದ್ದು. ನಿಮಗೆ ಬೇಕಾಗಿರುವುದೂ ಅದೇ. ಸಾಲದ ಕಂತು ಮುಗಿಯುವ ಮೊದಲು ಎಂಜಿನ್ ಬಿಚ್ಚಬೇಕಾದ ಗಾಡಿ ಯಾರಿಗೆ ಬೇಕು?

ಮೈಲೇಜ್ ವಿಷಯ. ಶಕ್ತಿ ಬರುವುದು ಡೀಸೆಲ್‌ನಿಂದ, ಲ್ಯಾಪ್‌ಟಾಪ್‌ನಿಂದ ಅಲ್ಲ. ಜಾಸ್ತಿ ಎಳೆಯಬೇಕೆಂದರೆ ಜಾಸ್ತಿ ಉರಿಸಬೇಕು. ಖಾಲಿ ಗಾಡಿಯನ್ನು ಮೇಲಿನ ಗೇರ್‌ನಲ್ಲಿ ಮೆಲ್ಲಗೆ ಓಡಿಸಿದರೆ ಅಲ್ಪಸ್ವಲ್ಪ ಉಳಿತಾಯ ಕಾಣಬಹುದು. ಟ್ಯೂನ್ ಮಾಡಿಸಿದ ಮೇಲೆ ಗಾಡಿಯನ್ನು ಮೆಲ್ಲಗೆ ಓಡಿಸುವವರನ್ನು ನಾನಂತೂ ಕಂಡಿಲ್ಲ. ಮತ್ತೆ ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ನಂಬಬೇಡಿ. ತಾನು ಎಷ್ಟು ಡೀಸೆಲ್ ಚಿಮ್ಮಿಸಿದೆ ಅಂತ ಇಸಿಯು ಅಂದಾಜು ಮಾಡಿ ಅಲ್ಲಿ ತೋರಿಸುತ್ತದೆ. ಆ ಲೆಕ್ಕದ ಕೋಷ್ಟಕವನ್ನೇ ತಿದ್ದಿದ ಮೇಲೆ ಅಂದಾಜೂ ದಾರಿ ತಪ್ಪುತ್ತದೆ. ಎಷ್ಟೋ ಸಲ ಟ್ಯೂನ್ ಮಾಡಿದವನು ಹೆಮ್ಮೆಯಿಂದ ತೋರಿಸುವ ಅಂಕಿ ಇದೇ. ನಿಜ ತಿಳಿಯಬೇಕೆಂದರೆ ಒಂದೇ ಬಂಕ್‌ನಲ್ಲಿ ಟ್ಯಾಂಕ್ ಫುಲ್ ಮಾಡಿ, ಅದೇ ರೂಟ್‌ನಲ್ಲಿ ಅದೇ ಲೋಡ್ ಹಾಕಿ ಓಡಿಸಿ, ಮತ್ತೆ ಅಲ್ಲೇ ಫುಲ್ ಮಾಡಿ. ಮೂರು-ನಾಲ್ಕು ಸಲ ಹೀಗೆ ಮಾಡಿದರೆ ಸತ್ಯ ಚೀಟಿಯಲ್ಲೇ ಬರುತ್ತದೆ.

ಈಗ ನಮ್ಮ ನೆಲದ ಮಾತಿಗೆ ಬರೋಣ. ಬಳ್ಳಾರಿಯಿಂದ ತೆಕ್ಕಲಕೋಟೆ ಮೇಲೆ ಸಿರುಗುಪ್ಪಕ್ಕೆ ಹೋಗಿ ಬನ್ನಿ. ದಾರಿಯಲ್ಲಿ ಘಾಟ್ ಇದೆಯಾ? ತುಂಗಭದ್ರಾ ಕಾಲುವೆ ನೀರು ಹರಿಯುವ ಸಮತಟ್ಟು ಭೂಮಿ. ಎರೆ ಮಣ್ಣಿನ ರಸ್ತೆ ಅಲ್ಲಲ್ಲಿ ಕುಸಿದಿರುತ್ತದೆ ಅನ್ನುವುದು ಬಿಟ್ಟರೆ ಏರಿಲ್ಲ, ಇಳಿಜಾರಿಲ್ಲ. ಕುರುಗೋಡಿನ ಗುಡ್ಡ ನೋಡಲು ಚಂದ, ಅದರ ಮೇಲೆ ಯಾರೂ ಮೆಣಸಿನಕಾಯಿ ಚೀಲ ಹೇರುವುದಿಲ್ಲ. ಸಂಡೂರು ಕಡೆ ಹೋಗುವವರು ಏರಿನ ಮಾತಾಡಿದರೆ ಒಪ್ಪಬಹುದು. ಭತ್ತದ ಸೀಮೆಯ ಗಾಡಿಗೆ ಹೆಚ್ಚಿನ ಶಕ್ತಿ ಯಾಕೆ ಬೇಕು? ಎರಡೇ ಕಾರಣ. ಒಂದು, ಜಾಸ್ತಿ ಹೇರಲು. ಇನ್ನೊಂದು, ಹೇರಿದ್ದನ್ನು ಜೋರಾಗಿ ಓಡಿಸಲು.

ನಮ್ಮ ಕಡೆ ಭತ್ತದ ಲೆಕ್ಕ 75 ಕೆಜಿ ಚೀಲದ್ದು. 1.7 ಟನ್ ಸಾಮರ್ಥ್ಯದ ಪಿಕಪ್‌ಗೆ 22 ಚೀಲ ಹೇರಿದರೆ 1,650 ಕೆಜಿ, ಅಲ್ಲಿಗೆ ಮುಗಿಯಿತು. 40 ಚೀಲ ಹೇರಿದರೆ 3 ಟನ್. ಟ್ಯೂನ್ ಆದ ಎಂಜಿನ್ ಆ 3 ಟನ್ ಎಳೆಯುತ್ತದೆ, ಹೌದು. ಎಳೆದಷ್ಟೇ ಸಲೀಸಾಗಿ ನಿಲ್ಲಿಸಲು ಏನಾದರೂ ಮಾಡಿಸಿದಿರಾ? ಬ್ರೇಕ್ ಡ್ರಮ್ ಅದೇ, ಲೈನರ್ ಅದೇ, ಟೈರ್ ಅದೇ, ಪಟ್ಟಿ ಅದೇ. ಬಹಳ ಅಂದರೆ ಹಿಂದಿನ ಕಮಾನಿಗೆ ಇನ್ನೆರಡು ಪಟ್ಟಿ ಸೇರಿಸಿರುತ್ತೀರಿ, ಗಾಡಿ ಕೂರದಿರಲಿ ಅಂತ. ನಿಲ್ಲಿಸಲು ಅದು ಉಪಯೋಗಕ್ಕೆ ಬರುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡಿ. ಓಡುವ ಗಾಡಿಯಲ್ಲಿರುವ ಬಲವನ್ನೆಲ್ಲ ಬ್ರೇಕ್ ಬಿಸಿಯಾಗಿ ಮಾರ್ಪಡಿಸಿ ಹೊರಹಾಕಬೇಕು. ಆ ಬಲ ತೂಕ ಹೆಚ್ಚಿದಷ್ಟೇ ಹೆಚ್ಚುತ್ತದೆ, ವೇಗಕ್ಕೆ ಮಾತ್ರ ವೇಗದ ವರ್ಗದಷ್ಟು ಹೆಚ್ಚುತ್ತದೆ. 22 ಚೀಲದ ಗಾಡಿ 60ರಲ್ಲಿ ಓಡುವುದಕ್ಕೂ 40 ಚೀಲದ ಗಾಡಿ 80ರಲ್ಲಿ ಓಡುವುದಕ್ಕೂ ಹೋಲಿಸಿದರೆ, ಬ್ರೇಕ್ ತಿನ್ನಬೇಕಾದ ಬಲ ಸುಮಾರು ಎರಡೂವರೆ ಪಟ್ಟು. ಹೈಸ್ಕೂಲ್ ವಿಜ್ಞಾನ ಪುಸ್ತಕದಲ್ಲಿ ಇದನ್ನು ಎಲ್ಲರೂ ಓದಿರುತ್ತೇವೆ. ಸರಕು ಸಾಗಿಸುವ ಗಾಡಿಗಳಿಗೆ ಗಂಟೆಗೆ 80 ಕಿಲೋಮೀಟರ್‌ನ ಲಾಕ್ ಹಾಕಿರುವುದು ಚಾಲಕರ ಮೇಲಿನ ಸಿಟ್ಟಿನಿಂದ ಅಲ್ಲ. ಅದನ್ನೂ ಅದೇ ಫೈಲ್‌ನಲ್ಲಿ ತೆಗೆಸುತ್ತೀರಿ.

ಮತ್ತೆ ಆ ಗಾಡಿಯಲ್ಲಿ ಯಾವಾಗಲೂ ಚೀಲಗಳಷ್ಟೇ ಇರುವುದಿಲ್ಲವಲ್ಲ. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು, ನಾಟಿಗೆ ಬೆಳಗಿನ ಜಾವ ಹೆಣ್ಣುಮಕ್ಕಳನ್ನು ಹಿಂದೆ ನಿಲ್ಲಿಸಿಕೊಂಡು ಹೋಗುವುದೂ ಇದೇ ಪಿಕಪ್. 2022ರ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ ದುಡಿಯಲು ಬೆಂಗಳೂರಿಗೆ ಹೊರಟಿದ್ದ ರಾಯಚೂರು ಜಿಲ್ಲೆಯ 9 ಜನ ಸತ್ತರು. ಹಿಡಿಸದಷ್ಟು ಜನರನ್ನು ತುಂಬಿಕೊಂಡಿದ್ದ ಗಾಡಿ ಅದು. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಯಲ್ಲಾಪುರದ ಹತ್ತಿರ ಉರುಳಿ 10 ಜನ ಸತ್ತರು. ಸರಕಿನ ಮೇಲೆ ಕೂತಿದ್ದವರು. ಆ ಗಾಡಿಗಳಿಗೆ ಟ್ಯೂನ್ ಆಗಿತ್ತು ಅಂತ ನಾನು ಹೇಳುತ್ತಿಲ್ಲ. ಸರಕಿನ ಗಾಡಿಯಲ್ಲಿ ಜನ ಕೂರುವ ಸೀಮೆಯಲ್ಲಿ, ಅದೇ ಗಾಡಿಯ ವೇಗದ ಲಾಕ್ ತೆಗೆಯುವುದನ್ನು ರೀಲ್ಸ್ ಮಾಡಿ ಮಾರುತ್ತಿದ್ದೇವೆ ಅಂತ ಹೇಳುತ್ತಿದ್ದೇನೆ.

ಇನ್ನು ದುಡ್ಡು. ಬಾಡಿಗೆ ಚೀಲಕ್ಕೆ ಇಷ್ಟು ಅಂತ ಇರುತ್ತದೆ. ನೋಡಲು ನ್ಯಾಯವಾಗಿಯೇ ಕಾಣುತ್ತದೆ, ಹೇರಿದಷ್ಟು ದುಡ್ಡು. ಮೊದಲು ಟ್ಯೂನ್ ಮಾಡಿಸಿದವನು 40 ಚೀಲ ಹೇರುತ್ತಾನೆ, ಅವನಿಗೆ ಒಂದು ಸುಗ್ಗಿ ಲಾಭ. ಅದನ್ನು ನೋಡಿ ಮುಂದಿನ ಸುಗ್ಗಿಗೆ ಹತ್ತು ಜನ ಮಾಡಿಸುತ್ತಾರೆ. ಆಮೇಲೆ ವ್ಯಾಪಾರಿಗೆ 40 ಚೀಲವೇ ಒಂದು ಟ್ರಿಪ್. ಹೇಗೂ ಜಾಸ್ತಿ ಹೇರುತ್ತೀರಲ್ಲ, ಚೀಲದ ರೇಟ್ ಸ್ವಲ್ಪ ಇಳಿಸಿಕೊಳ್ಳಿ ಅನ್ನುತ್ತಾನೆ. ಒಪ್ಪದಿದ್ದರೆ ಪಕ್ಕದವನು ರೆಡಿ ಇದ್ದಾನೆ. ಕೊನೆಗೆ 40 ಚೀಲ ಹೇರಿ 22 ಚೀಲದ ದುಡ್ಡು ತರುತ್ತೀರಿ. ಹೆಚ್ಚಿನ ಡೀಸೆಲ್ ನಿಮ್ಮದು, ಟೈರ್ ನಿಮ್ಮದು, ಕ್ಲಚ್ ನಿಮ್ಮದು. ಟ್ಯೂನ್ ಮಾಡಿಸದೆ ನಿಯತ್ತಾಗಿ 22 ಚೀಲ ಹೇರುವವನಿಗೆ ಲೋಡೇ ಸಿಗುವುದಿಲ್ಲ. ನೀವು ಕೈಯಿಂದ ದುಡ್ಡು ಕೊಟ್ಟು ಮಾಡಿಸಿದ ಟ್ಯೂನ್ ವ್ಯಾಪಾರಿಯ ಸಾಗಣೆ ಖರ್ಚು ಇಳಿಸಿತು, ಅಷ್ಟೇ ಅದರ ಕಥೆ.

ಸಿಕ್ಕಿಬಿದ್ದರೆ? ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್‌ಗೆ ಮತ್ತೆ 2,000. ಲೆಕ್ಕಕ್ಕೆ ಅಂತ ಚೀಲಕ್ಕೆ 30 ರೂಪಾಯಿ ಬಾಡಿಗೆ ಇಟ್ಟುಕೊಳ್ಳಿ. 18 ಚೀಲ ಹೆಚ್ಚಿಗೆ ಹೇರಿದ್ದಕ್ಕೆ ಟ್ರಿಪ್‌ಗೆ 540 ರೂಪಾಯಿ. ಒಂದು ಸಲ ಸಿಕ್ಕಿಬಿದ್ದರೆ 40 ಟ್ರಿಪ್‌ನ ಹೆಚ್ಚುವರಿ ದುಡಿಮೆ ಹೋಯಿತು. ಟ್ಯೂನಿಂಗ್‌ದೇ ಬೇರೆ ಲೆಕ್ಕ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸಬಾರದು ಅನ್ನುತ್ತದೆ 52ನೇ ಕಲಂ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿ ಇಲ್ಲದ ಬದಲಾವಣೆ ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಮಾಲೀಕನಿಗೆ ಅನ್ನುವುದನ್ನು ಗಮನಿಸಿ. ಲೋಡ್ ಕೊಟ್ಟ ವ್ಯಾಪಾರಿಯ ಹೆಸರು ಈ ಕಲಂನಲ್ಲಿ ಇಲ್ಲ. ಅಪಘಾತವಾದ ದಿನ ಇನ್ಶೂರೆನ್ಸ್‌ನವರು 'ಈ ಬದಲಾವಣೆ ನಮಗೆ ತಿಳಿಸಿಲ್ಲ' ಅಂತ ಕ್ಲೇಮ್‌ಗೆ ತಕರಾರು ತೆಗೆದರೆ ಓಡಾಡಬೇಕಾದವರೂ ನೀವೇ. ಬಹಳ ಇಸಿಯುಗಳಲ್ಲಿ ಎಷ್ಟು ಸಲ ಫೈಲ್ ಬದಲಾಗಿದೆ ಎಂಬುದು ದಾಖಲಾಗಿರುತ್ತದೆ. ಸರ್ವಿಸ್‌ಗೆ ಹೋಗುವ ಮೊದಲು ಹಳೇ ಫೈಲ್ ಹಾಕಿಕೊಂಡರೂ ವಾರಂಟಿ ಉಳಿಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಈ ಆಟವನ್ನು ಬಳ್ಳಾರಿ ಜಿಲ್ಲೆ ಒಂದು ಸಲ ದೊಡ್ಡದಾಗಿಯೇ ಆಡಿದೆ. ಅದಿರಿನ ಕಾಲ ನೆನಪಿದೆಯಲ್ಲ. ಲಾರಿಗೆ ಹೊರಲಾರದಷ್ಟು ಹೇರಿದರು, ರಸ್ತೆ ಪುಡಿಯಾಯಿತು, ಊರೂರು ಕೆಂಪಾಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈ 27ಕ್ಕೆ ಬಂತು, ಓವರ್‌ಲೋಡ್ ವಿಷಯವೂ ಅದರಲ್ಲಿತ್ತು. ಎರಡು ದಿನಕ್ಕೆ, ಜುಲೈ 29ಕ್ಕೆ, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅದಿರು ಮಾರಿದವರು ಹಡಗಿನ ದುಡ್ಡು ಎಣಿಸಿ ಆಗಿತ್ತು. ಸಾಲ ಮಾಡಿ ಲಾರಿ ತಂದವರು? ಸಂಡೂರು, ಹೊಸಪೇಟೆ, ಬಳ್ಳಾರಿಯಲ್ಲಿ ಸಾಲುಸಾಲಾಗಿ ನಿಂತ ಲಾರಿಗಳನ್ನು, ಕಂತು ಕಟ್ಟಲಾಗದೆ ಫೈನಾನ್ಸ್‌ನವರ ಪಾಲಾದ ಲಾರಿಗಳನ್ನು ಕಂಡವರು ಈ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಕೆಲವರ ಮಕ್ಕಳೇ ಈಗ ಪಿಕಪ್ ಓಡಿಸುತ್ತಿರಬಹುದು. ಮನೆಯಲ್ಲಿ ಕೇಳಿ ನೋಡಿ.

ಇಷ್ಟು ಬೈದ ಮೇಲೆ ಚಾಲಕರ ಕಡೆಯ ಒಂದು ನಿಜವನ್ನೂ ಹೇಳಲೇಬೇಕು. ಎಲ್ಲರೂ ಶಕ್ತಿಯ ಆಸೆಗೆ ಲ್ಯಾಪ್‌ಟಾಪ್‌ನವನ ಹತ್ತಿರ ಹೋಗುವುದಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಹೊಗೆ ಕಡಿಮೆ ಮಾಡಲು ಮಾಡೆಲ್‌ಗೆ ತಕ್ಕಂತೆ ಮಸಿ ಹಿಡಿಯುವ ಡಿಪಿಎಫ್, ಹತ್ತಾರು ಸೆನ್ಸರ್ ಸೇರಿಕೊಂಡವು. ಊರೊಳಗೆ ನಿಂತು ನಿಂತು ಓಡುವ ಗಾಡಿಯ ಡಿಪಿಎಫ್ ಕಟ್ಟಿಕೊಳ್ಳುತ್ತದೆ, ಲೈಟ್ ಉರಿಯುತ್ತದೆ, ಗಾಡಿ ಎಳೆಯುವುದನ್ನೇ ನಿಲ್ಲಿಸುತ್ತದೆ. ಸುಗ್ಗಿಯ ನಡುವೆ ಹೀಗಾದರೆ ಒಂದು ದಿನದ ದುಡಿಮೆ ಹೋಗಿ ಬಿಲ್ಲೂ ಬರುತ್ತದೆ. ಊರಿನ ಮೇಸ್ತ್ರಿ ಹತ್ತಿರ ಸ್ಕ್ಯಾನರ್ ಇಲ್ಲ, ತರಬೇತಿ ಯಾರೂ ಕೊಟ್ಟಿಲ್ಲ. ಆಗ 'ಡಿಪಿಎಫ್ ಆಫ್, ಇಜಿಆರ್ ಆಫ್, ಲೈಟೇ ಬರಲ್ಲ' ಅನ್ನುವವನು ದೇವರಂತೆ ಕಾಣುತ್ತಾನೆ. ಅವನು ರೋಗ ವಾಸಿ ಮಾಡಿಲ್ಲ, ನರಳುವ ಬಾಯಿಗೆ ಬಟ್ಟೆ ತುರುಕಿದ್ದಾನೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ. ಅದನ್ನು ಮೊದಲು ಉಸಿರಾಡುವವರು ಗಾಡಿಯಲ್ಲೇ ಇರುವ ನೀವು.

ಅಮೆರಿಕದಲ್ಲೂ ಇದೇ ಗೋಳು. ಅಲ್ಲಿ ಹತ್ತು ವರ್ಷದಲ್ಲಿ 5 ಲಕ್ಷ 50 ಸಾವಿರಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣ ಕಿತ್ತು ಹಾಕಿದ್ದಾರೆ ಎಂದು ಅಲ್ಲಿನ ಪರಿಸರ ಇಲಾಖೆ 2020ರಲ್ಲಿ ಅಂದಾಜು ಮಾಡಿತು. ಆದರೆ ಅದೇ ದೇಶದ ರೈತರು ಇನ್ನೊಂದು ಜಗಳವನ್ನೂ ಮಾಡಿದ್ದಾರೆ: ನಮ್ಮ ಟ್ರ್ಯಾಕ್ಟರ್ ಸಾಫ್ಟ್‌ವೇರ್‌ಗೆ ಬೀಗ ಹಾಕಬೇಡಿ, ರಿಪೇರಿಯ ಹಕ್ಕು ನಮಗೆ ಕೊಡಿ ಅಂತ. ನಾವು ಕಲಿಯಬೇಕಾದ ಜಗಳ ಎರಡನೆಯದು. ನಮ್ಮಲ್ಲೂ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ, ವಾಹನಗಳೂ ಕೃಷಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ತಾಲ್ಲೂಕು ಕೇಂದ್ರದಲ್ಲಿ ಡಿಪಿಎಫ್ ಸುಡಿಸಲು ವ್ಯವಸ್ಥೆ, ಊರಿನ ಮೇಸ್ತ್ರಿಗಳಿಗೆ ಬಿಎಸ್-6 ತರಬೇತಿ, ಕೈಗೆಟಕುವ ಸ್ಕ್ಯಾನರ್. ಪಿಕಪ್ ಮಾರುವಾಗ ಮನೆ ಬಾಗಿಲಿಗೆ ಬರುವ ಕಂಪನಿಗಳು ಇದನ್ನು ಯಾಕೆ ಕೊಡಬಾರದು? ಚಾಲಕರ ಸಂಘಗಳು ಕೇಳಲಿ.

ಸಂಘಗಳು ಕೇಳಬೇಕಾದ್ದು ಇನ್ನೊಂದಿದೆ. ಮಿಲ್ಲುಗಳಲ್ಲಿ, ಮಾರುಕಟ್ಟೆಯಲ್ಲಿ ವೇಬ್ರಿಡ್ಜ್ ಇದ್ದೇ ಇರುತ್ತದೆ. ಭತ್ತದ ಒಂದೊಂದು ಕೆಜಿ ಕಡಿತಕ್ಕೂ ಅಲ್ಲಿ ಲೆಕ್ಕ ಇದೆ. ಗಾಡಿಯ ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಮೀರಿದ ಪಿಕಪ್ಪನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಅಂತ ಅದೇ ವೇಬ್ರಿಡ್ಜ್‌ನಲ್ಲಿ ಒಂದು ಬೋರ್ಡ್ ಹಾಕಲಿ. ಚೀಲದ ರೇಟ್ 22 ಚೀಲಕ್ಕೆ ಡೀಸೆಲ್, ಕಂತು, ಕೂಲಿ ಹುಟ್ಟುವ ಹಾಗೆ ಆಗಲಿ. ಒಬ್ಬ ಚಾಲಕ ಕೇಳಿದರೆ ನಾಳೆಯಿಂದ ಲೋಡ್ ತಪ್ಪುತ್ತದೆ. ಸ್ಟ್ಯಾಂಡಿನ ಅಷ್ಟೂ ಗಾಡಿ ಸುಗ್ಗಿ ದಿನ ಕೇಳಿದರೆ ಭತ್ತವನ್ನು ವ್ಯಾಪಾರಿ ತಲೆ ಮೇಲೆ ಹೊತ್ತುಕೊಂಡು ಹೋಗಲಾರ.

ಈಗಾಗಲೇ ಟ್ಯೂನ್ ಮಾಡಿಸಿದವರು ಮಾಡಿಸಿದವನಿಗೆ ಇವತ್ತೇ ಫೋನ್ ಮಾಡಿ, ನಿಮ್ಮ ಗಾಡಿಯ ಒರಿಜಿನಲ್ ಫೈಲ್ ಕೇಳಿ. ಓದುವಾಗ ಅವನು ಅದನ್ನು ಉಳಿಸಿಕೊಂಡಿರಬೇಕು. ಇಲ್ಲ ಅಂದರೆ, ಅಥವಾ ಕೊಡಲು ಮತ್ತೆ ದುಡ್ಡು ಕೇಳಿದರೆ, ಎಂಥವನ ಕೈಗೆ ಗಾಡಿ ಕೊಟ್ಟಿರಿ ಅಂತ ಗೊತ್ತಾಗುತ್ತದೆ. ಫೈಲ್ ವಾಪಸ್ ಹಾಕಿಸುವಾಗ ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಬರೆಯುವ ನಡುವೆ ಕರೆಂಟ್ ನಿಂತರೆ ಇಸಿಯುವೇ ಸಾಯಬಹುದು. ಆಮೇಲೆ ಏರ್ ಫಿಲ್ಟರ್, ಟೈರ್ ಗಾಳಿ, ಇಂಜೆಕ್ಟರ್ ನೋಡಿಸಿ, ಹೋದ ಪಿಕಪ್‌ನಲ್ಲಿ ಅರ್ಧ ಅಲ್ಲೇ ಸಿಕ್ಕಿದರೂ ಸಿಗಬಹುದು. ಹಿಂದಿನ ಚಕ್ರ ಬಿಚ್ಚಿಸಿ ಲೈನರ್ ಎಷ್ಟು ಉಳಿದಿದೆ ಅಂತ ನಿಮ್ಮ ಕಣ್ಣಾರೆ ನೋಡಿ. 40 ಚೀಲ ಹೇರಿದ ಗಾಡಿಯಾದರೆ ಅದನ್ನು ನಾಳೆಗೆ ಮುಂದೂಡಬೇಡಿ.